ಗಾಳಿಗೆ ಮೂಲೆಮಟ್ಟ ಬೇಡ

ನಮ್ಮ ತಾತ ತಮ್ಮದೇ ಮರಗೆಲಸದ ಶೆಡ್ಡಿನ ಹೊರಗೆ, ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು ನಿಲ್ಲುತ್ತಿದ್ದರು. ಮರದ ಪುಡಿ ಎದೆಗಿಳಿದು ಕೆಮ್ಮು ಹಿಡಿದ ಮೇಲೆ ಡಾಕ್ಟರು ಶೆಡ್ಡು ಬೇಡವೆಂದರು. ಅಮ್ಮ ತನ್ನ ಅಪ್ಪನಿಗೆ ಬಾಗಿಲನ್ನೇ ಬಂದ್ ಮಾಡಿದಳು. ಅಂದಿನಿಂದ ಒಳಗೆ ಕೆಲಸಕ್ಕೆ ನಾನು, ಹೊರಗೆ ತಾತ. ಅವರು ಅರ್ಧಕ್ಕೆ ಬಿಟ್ಟ ಕುರ್ಚಿ ಮೂರೇ ಕಾಲಿನಲ್ಲಿ ಗೋಡೆಗೆ ಒರಗಿತ್ತು. ನಾಲ್ಕನೆಯದನ್ನು ನಾನು ಮಾಡಲೇ ಎಂದರೆ, "ಮುಟ್ಟಿದ್ರೆ ನೋಡು" ಎಂದು ಗಾಜಿನಾಚೆಯಿಂದಲೇ ಬೆರಳು ಆಡಿಸುತ್ತಿದ್ದರು.

ಪುಡಿ ಎಳೆಯಲು ನಮ್ಮಲ್ಲಿದ್ದದ್ದು ಒಂದು ಮುದಿ ಯಂತ್ರ, ಬೆನ್ನಿಗೊಂದು ಬಟ್ಟೆಚೀಲ. ದಪ್ಪ ಪುಡಿ ಚೀಲದಲ್ಲಿ ಉಳಿಯುತ್ತಿತ್ತು. ಎದೆಗಿಳಿಯುವ ಸಣ್ಣ ಪುಡಿ ಬಟ್ಟೆಯಿಂದ ನುಸುಳಿ ವಾಪಸ್ ಕೋಣೆಗೇ ಬರುತ್ತಿತ್ತು. ಅದನ್ನು ಬದಲಿಸಿ ತಾತನನ್ನು ಒಳಗೆ ಕರೆದುಕೊಳ್ಳುತ್ತೇನೆ ಎಂದು ಊಟದ ಹೊತ್ತಿನಲ್ಲಿ ಸಾರಿಬಿಟ್ಟೆ.

"ಬದಲಿಸು, ಇಂಜಿನಿಯರಮ್ಮ," ಎಂದಳು ಅಮ್ಮ. "ಆಮೇಲೆ ಒಂದು ಲೋಟ ನೀರು ಒಳಗಿಡ್ತೀನಿ. ನೀನು ಗರಗಸ ಓಡಿಸು. ಆ ನೀರು ನಾನು ಕುಡಿಯೋ ಹಾಗಿದ್ರೆ ಅಪ್ಪ ಒಳಗೆ ಹೋಗ್ಲಿ. ಇಲ್ಲಾಂದ್ರೆ ನಿನಗೂ ಬೀಗ."

"ಒಪ್ಪಿದೀವಿ," ಎಂದರು ತಾತ, ತಟ್ಟೆಯಿಂದ ತಲೆ ಎತ್ತದೆ. ನನ್ನನ್ನು ಕೇಳಲೂ ಇಲ್ಲ.

ದೊಡ್ಡ ಫ್ಯಾನಿನ ಮೋಟರು ಗೋಡೆ ಏರಿತು. ಅದರ ಉಸಿರು ಹೊರಕ್ಕೆ ಹೋಗಲು ಹಿಂಗೋಡೆಗೆ ತೂತು ಕೊರೆದೆ. ನಡುವೆ ಒಂದು ಡ್ರಮ್ಮು, ಅದರ ತಲೆಯ ಮೇಲೊಂದು ದೊಡ್ಡ ಆಲಿಕೆ. ಆಲಿಕೆಯಲ್ಲಿ ಗಾಳಿ ಸುಳಿ ಸುತ್ತುವಾಗ ಪುಡಿ ಡ್ರಮ್ಮಿಗೆ ಬೀಳುತ್ತದೆ, ಗಾಳಿ ಮಾತ್ರ ಮುಂದೆ ಹೋಗುತ್ತದೆ. ಗರಗಸದಿಂದ ಅಲ್ಲಿಯವರೆಗೆ ದಪ್ಪ ಪೈಪು. ಕಿಟಕಿಯಾಚೆಯಿಂದ ತಾತನ ಮೇಸ್ತ್ರಿಕೆ ಬೇರೆ: "ಮೂಲೆ ನೋಡು, ಮೂಲೆ." ನಮ್ಮ ಮನೆಯಲ್ಲಿ ಸೊಟ್ಟ ಮೂಲೆ ಎಂದರೆ ಬೈಗುಳಕ್ಕೆ ಸಮ. ಹಾಗಾಗಿ ಪೈಪಿನ ಒಂದೊಂದು ತಿರುವನ್ನೂ ಎಲ್ ಆಕಾರದ ಮೂಲೆಮಟ್ಟ ಹಿಡಿದು ನೋಡಿ, ಪೆಟ್ಟಿಗೆಯ ಮೂಲೆಯಂತೆ ನೆಟ್ಟಗೆ ಕೂರಿಸಿದೆ. ತಾತ ಹೆಬ್ಬೆರಳೆತ್ತಿದರು.

ಅಮ್ಮ ಲೋಟ ಇಟ್ಟಳು. ನಾನು ಉದ್ದನೆಯ ಹಲಗೆಯೊಂದನ್ನು ಸೀಳಿದೆ. ನೀರಿನ ಮೇಲೆ ಕೆನೆಯಂತೆ ಪುಡಿ ಕಟ್ಟಿತು.

"ನೀನೇ ಕುಡಿ," ಎಂದು ಅಮ್ಮ ಲೋಟ ಚಾಚಿದಳು.

"ಇನ್ನೊಂದ್ಸಲ ಅಮ್ಮ."

"ಇನ್ನೊಂದೇ."

ಮೋಟರು ಹೂಂಕರಿಸುತ್ತದೆ, ಆದರೆ ಗರಗಸದ ಹತ್ತಿರ ಎಳೆತವೇ ಇಲ್ಲ. ತಲೆ ಕೆರೆದುಕೊಂಡು ನಿಂತಿದ್ದೆ. ತಾತ ಗಾಜು ಕುಟ್ಟಿದರು. "ಮರ ಟೊಳ್ಳೋ ಗಟ್ಟಿಯೋ ಹೆಂಗೆ ನೋಡ್ತೀಯ? ಬಡಿದು ನೋಡು."

ಪೈಪನ್ನು ಬಡಿಯುತ್ತಾ ಹೋದೆ. ನೇರವಿದ್ದ ಕಡೆಯೆಲ್ಲ ಟೊಣ್ ಟೊಣ್. ಮೊದಲ ಮೂಲೆಯಲ್ಲಿ ದಬ್. ಮುಂದಿನದೂ ದಬ್. ಬಿಚ್ಚಿದರೆ ಒಳಗೆ ಪುಡಿ ಗಡ್ಡೆಕಟ್ಟಿ ಕೂತಿದೆ. ಓಡಿ ಬಂದ ಗಾಳಿ ನನ್ನ ಚೆಂದದ ಮೂಲೆಗೆ ಡಿಕ್ಕಿ ಹೊಡೆದು, ಸುಸ್ತಾಗಿ, ಹೊರೆಯನ್ನು ಅಲ್ಲೇ ಇಳಿಸುತ್ತಿತ್ತು.

"ತಾತ, ಮೂಲೆಯೆಲ್ಲ ಕಿತ್ತು, ಪೈಪು ಸುತ್ತಿ ಹೋಗೋ ಹಾಗೆ ಹಾಕ್ಬೇಕು."

"ಸೊಟ್ಟಗಾ?"

"ಹಾವು ಮಲಗಿದ ಹಾಗೆ."

ಅವರು ಗಾಜಿಗೆ ಬೆನ್ನು ತಿರುಗಿಸಿದರು. "ಹಾಕು. ನಾನು ಆ ಕಡೆ ನೋಡಲ್ಲ."

ಪೈಪು ಮೆಲ್ಲಗೆ ಬಾಗಿ ಬಾಗಿ ಡ್ರಮ್ಮು ಸೇರಿತು. ಮತ್ತೆ ಲೋಟ ಬಂತು, ಮತ್ತೆ ಅಷ್ಟೇ ಉದ್ದದ ಹಲಗೆ. ಈ ಸಲ ಗರಗಸದ ಹಲ್ಲಿನಿಂದ ಹಾರಿದ ಪುಡಿ ಕಣ್ಣೆದುರೇ ಮಾಯ. ಡ್ರಮ್ಮಿನಲ್ಲಿ ಚರಚರ ಸದ್ದು. ನನ್ನ ತೋಳಿನ ಮೇಲೂ ಪುಡಿ ಇಲ್ಲ.

ಅಮ್ಮ ಲೋಟವನ್ನು ಬೆಳಕಿಗೆ ಓರೆ ಮಾಡಿದಳು. ಇನ್ನೊಂದು ಕಡೆಯಿಂದಲೂ ನೋಡಿದಳು. ಆಮೇಲೆ ಗಟಗಟನೆ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಬಾಗಿಲು ತೆರೆದಳು. "ಅಪ್ಪ, ಮಾಸ್ಕ್ ಹಾಕ್ಕೊಂಡು ಬಾ. ಅದಿಲ್ದೆ ಒಂದು ಹೆಜ್ಜೆ ಇಟ್ರೆ ಮತ್ತೆ ಕಿಟಕಿಗೆ."

ತಾತ ಬಂದರು. ನೋಡಲ್ಲ ಎಂದವರು ಮೊದಲು ನೋಡಿದ್ದೇ ಪೈಪನ್ನು. ಪಾಲಿಶ್ ಮುಗಿದ ಮರವನ್ನು ಸವರುವಂತೆ ಅದರ ಬಾಗಿನ ಮೇಲೆ ಅಂಗೈ ಎಳೆದರು.

"ಥೂ, ಏನು ಸೊಟ್ಟ. ಯಾರಾದ್ರೂ ಕೇಳಿದ್ರೆ ನಾನು ಮಾಡಿದ್ದಲ್ಲ ಅಂತೀನಿ."

"ಹಂಗೇ ಹೇಳಿ ತಾತ. ನನ್ನ ಮೊಮ್ಮಗಳು ಮಾಡಿದ್ದು ಅಂತ ಹೇಳಿ."

"ಮತ್ತೆ ಇನ್ನೇನು ಹೇಳ್ತೀನಿ ಅಂದ್ಕೊಂಡೆ?" ಎಂದು ಕುರ್ಚಿಯ ನಾಲ್ಕನೆಯ ಕಾಲಿಗೆ ತೆಗೆದಿಟ್ಟಿದ್ದ ಮರವನ್ನು ಎತ್ತಿ, ಒಂದು ತುದಿ ನನ್ನ ಕೈಗಿತ್ತರು. "ಹಿಡಿ, ಗಟ್ಟಿಯಾಗಿ. ಇದು ಮಾತ್ರ ನೆಟ್ಟಗಿರ್ಬೇಕು."