ತವರಿನವರು ಕಲಿಸಿದ ಯೋಗ

ಹನ್ನೊಂದು ವರ್ಷ ಈ ಕಡೆ ತಲೆ ಹಾಕದ ತಮ್ಮ ಗೌರಿ ಹಬ್ಬಕ್ಕೆ ಮೊರದ ಬಾಗಿನ ಹಿಡಿದು ಬಂದರೆ ಎಂಥ ಗಟ್ಟಿ ಹೆಂಗಸಿಗೂ ಬುದ್ಧಿ ಮಂಕಾಗುತ್ತದೆ. ಮಂಗಳಮ್ಮನಿಗೂ ಹಾಗೇ ಆಯಿತು. ಸೋಮನಹಳ್ಳಿಯ ಮನೆ ಮುಂದೆ ಕಾರು ನಿಂತು, ಚಲುವರಾಜು ಇಳಿದು "ಅಕ್ಕ" ಅಂದ ಕೂಡಲೇ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಯಾಕೆ ಬಂದೆ ಅಂತ ಕೇಳಲಿಲ್ಲ. ಕೇಳಬೇಕಿತ್ತು.

ಜಗಳ ಹಳೆಯದು. ಅವ್ವನ ತಿಥಿ ಕಳೆಯುವ ಮುಂಚೆಯೇ ಅವ್ವನ ಓಲೆಗಳು ತಮ್ಮನ ಹೆಂಡತಿ ಭಾಗ್ಯಳ ಕಿವಿಯಲ್ಲಿದ್ದವು. ಮಂಗಳಮ್ಮ ನಾಲ್ಕು ಜನರ ಮುಂದೆ, "ತಿಥಿ ಒಲೆ ಆರೋಗಂಟ ಆದ್ರೂ ತಡೀಬಾರ್ದಾ ತಾಯಿ" ಅಂದುಬಿಟ್ಟಿದ್ದಳು. ಅಷ್ಟೇ. ವೈದ್ಯನಾಥಪುರದ ತವರುಮನೆ ಬಾಗಿಲು ಅವತ್ತಿಗೆ ಮುಚ್ಚಿತು. ಸೋಮನಹಳ್ಳಿಗೂ ವೈದ್ಯನಾಥಪುರಕ್ಕೂ ಏನು ಮಹಾ ದೂರ? ಆದರೂ ಹನ್ನೊಂದು ಗೌರಿ ಹಬ್ಬ ಅವಳು ಬಾಗಿಲಲ್ಲಿ ನಿಂತು, ಪಕ್ಕದ ಮನೆ ಹೆಂಗಸರಿಗೆ ಬಾಗಿನ ಬರುವುದನ್ನು ನೋಡಿ ಒಳಗೆ ಹೋಗಿದ್ದಳು.

ಈಗ ಬಾಗಿನವೂ ಬಂತು, ಅದರ ಜೊತೆ ಕಕ್ಕುಲಾತಿಯೂ ಬಂತು.

"ಏನಕ್ಕ ಇಂಗ್ ಊದ್ಕಂಡಿದ್ದೀಯ? ಎಲ್ಡ್ ಎಜ್ಜೆ ಇಟ್ರೆ ಉಸ್ಸಪ್ಪ ಅಂತೀಯ. ನಿನ್ನ ಇಂಗೇ ಬುಡಾಕಾಯ್ತದಾ?"

ಅವನು ಹೇಳಿದ್ದು ಸುಳ್ಳಲ್ಲ. ಐವತ್ತಾರಕ್ಕೆ ಮಂಗಳಮ್ಮ ಎಪ್ಪತ್ತೊಂಬತ್ತು ಕೇಜಿ ಇದ್ದಳು. ಹೈವೇ ಪಕ್ಕದ ಫ್ಯಾಕ್ಟರಿಯೊಂದರ ಕ್ಯಾಂಟೀನಿನಲ್ಲಿ ದಿನಕ್ಕೆ ನೂರಿಪ್ಪತ್ತು ಮುದ್ದೆ ಕಟ್ಟುವ ಕೆಲಸ ಅವಳದು. ಹಿಟ್ಟು ತಿರುವುವಾಗ ನಡುವೆ ಎರಡು ಸಲ ಕೋಲು ಬಿಟ್ಟು ಗೋಡೆಗೆ ಒರಗಬೇಕಾಗಿತ್ತು.

ಹಬ್ಬ ಕಳೆದ ವಾರಕ್ಕೆ ಚಲುವರಾಜು ಅವಳನ್ನು ಮಂಡ್ಯಕ್ಕೆ ಕರೆದುಕೊಂಡು ಹೋಗಿ ತಲೆಯಿಂದ ಕಾಲಿನವರೆಗೆ ಚೆಕಪ್ ಮಾಡಿಸಿದ. ರಕ್ತ ತೆಗೆದರು, ಹೊಟ್ಟೆ ಸ್ಕ್ಯಾನ್ ಮಾಡಿದರು. ರಿಪೋರ್ಟು ತಮ್ಮನ ಕೈಯಲ್ಲೇ ಉಳಿಯಿತು. "ಎಲ್ಲಾ ಚೆನ್ನಾಗದೆ ಕಣಕ್ಕ. ಬಿಪಿ ಮಾತ್ರ ಒಸಿ ಜಾಸ್ತಿ, ತೂಕ ಇಳೀಬೇಕಂತೆ" ಅಂದ. ಮಾರನೆಯ ದಿನವೇ ಮದ್ದೂರಿನ ಯೋಗದ ತರಗತಿಗೆ ಅವಳ ಹೆಸರು ಬರೆಸಿ, ಬೆಳಿಗ್ಗೆ ಕರೆದೊಯ್ಯಲು ಆಟೋ ಗೊತ್ತು ಮಾಡಿದ.

ಗಂಡ ನಾಗಯ್ಯ ನಕ್ಕ. "ಈ ವಯಸ್ನಲ್ಲಿ ಸರ್ಕಸ್ ಸೇರ್ತೀಯೇನೆ?"

"ನನ್ ತಮ್ಮ ಸೇರುಸ್ತಾವ್ನೆ. ನಿನ್ಗೇನ್ ಒಟ್ಟೆಕಿಚ್ಚು?" ಅಂದಳು ಮಂಗಳಮ್ಮ. ಆ ಮಾತು ಹೇಳುವಾಗಿನ ಅವಳ ಜಂಬ ನೋಡಬೇಕಿತ್ತು.

ತರಗತಿ ನಡೆಸುತ್ತಿದ್ದವರು ಯೋಗಾನರಸಿಂಹ ಮೇಷ್ಟ್ರು. ಹೈಸ್ಕೂಲಿನಿಂದ ನಿವೃತ್ತರಾಗಿ ಹದಿನಾಲ್ಕು ವರ್ಷವಾದರೂ ಬೆನ್ನು ಕಂಬದ ಹಾಗಿತ್ತು. ಮೊದಲ ದಿನ ಮಂಗಳಮ್ಮನಿಗೆ ನೆಲದ ಮೇಲೆ ಕೂರಲಿಕ್ಕೇ ಆಗಲಿಲ್ಲ. ಮೇಷ್ಟ್ರು ಕುರ್ಚಿ ತರಿಸಿದರು.

"ವಯಸ್ಸು ಲೆಕ್ಕಕ್ಕಿಲ್ಲ ಮಂಗಳಮ್ಮನವರೇ. ಉಸಿರಾಡೋದು ನಿಲ್ಲಿಸಿಲ್ಲ ತಾನೇ? ಅಲ್ಲಿಂದಲೇ ಶುರು ಮಾಡೋಣ. ಒಳಗೆ ಎಳೆದುಕೊಳ್ಳೋದಕ್ಕಿಂತ ಹೊರಗೆ ಬಿಡೋದು ನಿಧಾನ ಆಗಲಿ. ಬಲವಂತ ಬೇಡ."

ಅವಳು ಕುರ್ಚಿಯ ಮೇಲೆ ಕುಳಿತು, ಬಲ ಹೊಳ್ಳೆ ಮುಚ್ಚಿ ಎಡದಲ್ಲಿ ಎಳೆದು, ಎಡ ಮುಚ್ಚಿ ಬಲದಲ್ಲಿ ಬಿಟ್ಟಳು. ಭ್ರಾಮರಿ ಮಾಡುವಾಗ ತರಗತಿಯಲ್ಲಿದ್ದವರೆಲ್ಲ ದುಂಬಿಗಳಂತೆ ಗುಂಯ್ ಅನ್ನುವುದು ಕೇಳಿ ನಗು ತಡೆಯಲಾರದೆ ಕೆಮ್ಮಿದಳು. ಪಕ್ಕದಲ್ಲಿದ್ದ ಪಂಕಜಮ್ಮ, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದಾಕೆ, "ನಾನೂ ಮೊದಲನೇ ವಾರ ಪೂರ್ತಿ ನಕ್ಕಿದ್ದೆ ಕಣ್ರೀ" ಅಂದರು.

ಎರಡು ತಿಂಗಳಿಗೆ ಕುರ್ಚಿ ಬಿಟ್ಟಳು. ನಾಲ್ಕನೆಯ ತಿಂಗಳಲ್ಲಿ ಒಂದು ದಿನ ಕ್ಯಾಂಟೀನಿನಲ್ಲಿ ಹಿಟ್ಟು ತಿರುವಿ ಕೋಲು ಕೆಳಗಿಟ್ಟಾಗ, ನಡುವೆ ಗೋಡೆಗೆ ಒರಗೇ ಇಲ್ಲವಲ್ಲ ಅಂತ ಅವಳಿಗೇ ಆಶ್ಚರ್ಯವಾಯಿತು. ರಾತ್ರಿ ದಿಂಬು ಏರಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದವಳು ಮಲಗಿ ನಿದ್ದೆ ಮಾಡಿದಳು. ಪ್ರತಿ ಭಾನುವಾರ ಮೇಷ್ಟ್ರು ಅವಳ ತೂಕ ನೋಡಿ, ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿ ಬರೆದುಕೊಳ್ಳುತ್ತಿದ್ದರು. ಬೇರೆಯವರಿಗೆ ತಿಂಗಳಿಗೊಂದು ಸಲ, ತನಗೆ ಮಾತ್ರ ಯಾಕೆ ವಾರವಾರ ಅಂತ ಅವಳು ಯೋಚಿಸಲಿಲ್ಲ. ಚಲುವರಾಜು ಆಗಾಗ ಸೊಪ್ಪು, ಎಳನೀರು ತಂದು ಕೊಟ್ಟು, "ಉಪ್ಪು ಕಮ್ಮಿ ತಿನ್ನಕ್ಕ" ಅನ್ನುತ್ತಿದ್ದ. ಅವನ ಮುಖ ಊದಿಕೊಂಡಿರುತ್ತಿತ್ತು. ಕೇಳಿದರೆ ಗ್ಯಾಸ್ಟ್ರಿಕ್ ಅನ್ನುತ್ತಿದ್ದ. ಏಪ್ರಿಲ್ ಬಿಸಿಲಿನಲ್ಲೂ ತುಂಬುತೋಳಿನ ಅಂಗಿ ಹಾಕಿರುತ್ತಿದ್ದ.

ಜೂನ್ ಇಪ್ಪತ್ತೊಂದು, ಯೋಗ ದಿನ. ಸಭಾಂಗಣದ ತುಂಬ ಜನ. ಮಂಗಳಮ್ಮ ಎಲ್ಲರ ಮುಂದೆ ಹದಿನೈದು ನಿಮಿಷ ಅಲುಗಾಡದೆ ವಜ್ರಾಸನದಲ್ಲಿ ಕೂತಳು. ಮುಗಿದ ಮೇಲೆ ಮೇಷ್ಟ್ರು ಮೈಕು ಹಿಡಿದರು.

"ನಾವೆಲ್ಲ ನಮ್ಮ ನಮ್ಮ ಆರೋಗ್ಯಕ್ಕೆ ಯೋಗ ಮಾಡ್ತೀವಿ. ಇಲ್ಲೊಬ್ಬ ತಾಯಿ ಇನ್ನೊಬ್ಬರ ಜೀವ ಉಳಿಸಲಿಕ್ಕೆ ಮಾಡಿದ್ದಾರೆ. ಒಂಬತ್ತು ತಿಂಗಳಲ್ಲಿ ಹದಿನೈದು ಕೇಜಿ ಇಳಿಸಿ, ಬಿಪಿ ಹತೋಟಿಗೆ ತಂದು, ಈಗ ತಮ್ಮನಿಗೆ ಕಿಡ್ನಿ ದಾನ ಮಾಡಲಿಕ್ಕೆ ಹೊರಟಿದ್ದಾರೆ. ಐವತ್ತಾರನೇ ವಯಸ್ಸಿನಲ್ಲಿ! ಮಂಗಳಮ್ಮನವರೇ, ಎದ್ದು ನಿಲ್ಲಿ."

ಸೂರು ಹಾರಿಹೋಗುವ ಹಾಗೆ ಚಪ್ಪಾಳೆ ಬಿತ್ತು. ಪಂಕಜಮ್ಮ ತಬ್ಬಿಕೊಂಡು ಕಣ್ಣೀರು ಹಾಕಿದರು. ಯಾರೋ ಕಾಲು ಮುಟ್ಟಿದರು. ಮಂಗಳಮ್ಮ ನಿಂತೇ ಇದ್ದಳು. ಮೇಷ್ಟ್ರು ಬೇರೆ ಯಾರ ವಿಷಯವನ್ನೋ ಹೇಳುತ್ತಿದ್ದಾರೆ, ಬಾಯಿ ತಪ್ಪಿ ತನ್ನ ಹೆಸರು ಬಂದಿದೆ ಅನ್ನಿಸಿತು. ಚಪ್ಪಾಳೆ ನಿಲ್ಲುತ್ತಲೇ ಇರಲಿಲ್ಲ.

ಜನ ಕರಗಿದ ಮೇಲೆ ಮೇಷ್ಟ್ರ ಹತ್ತಿರ ಹೋದಳು.

"ಯಾರ್ ಯೋಳಿದ್ದು ಮೇಷ್ಟ್ರೇ ನಿಮ್ಗೆ?"

"ನಿಮ್ಮ ತಮ್ಮ. ಸೇರಿಸುವಾಗಲೇ ಹೇಳಿದ್ರು. ಅಕ್ಕನ ಹತ್ರ ಆ ವಿಷಯ ಎತ್ತಬೇಡಿ, ಗಾಬರಿಗೆ ಬಿಪಿ ಏರುತ್ತೆ ಅಂದ್ರು. ಈಗ ಸೋಮವಾರ ಮೈಸೂರಿನಲ್ಲಿ ಕೊನೇ ಪರೀಕ್ಷೆಯಂತಲ್ಲ, ಅದಕ್ಕೇ ನಾನು..." ಮೇಷ್ಟ್ರು ಅವಳ ಮುಖ ನೋಡಿ ನಿಲ್ಲಿಸಿದರು. "ನಿಮಗೆ ಗೊತ್ತಿಲ್ವೇನಮ್ಮ?"

ಅವರು ಮೊಬೈಲು ತೆಗೆದು, ಚಲುವರಾಜುವಿಗೆ ಕಳಿಸಿದ್ದ ಮೆಸೇಜುಗಳನ್ನು ತೋರಿಸಿದರು. ಒಂದೊಂದು ಭಾನುವಾರದ್ದೂ ಇತ್ತು. ತೂಕ ಎಪ್ಪತ್ತೆರಡು. ತೂಕ ಅರವತ್ತೆಂಟು. ತೂಕ ಅರವತ್ತಾರು. ಕೆಳಗೆ ತಮ್ಮನ ಉತ್ತರ: 'ಇನ್ನೆರಡು ಕೇಜಿ ಇಳಿದ್ರೆ ಸಾಕು ಸಾರ್, ಡಾಕ್ಟ್ರು ಒಪ್ಕೊಳ್ತಾರೆ.' ಜೊತೆಗೆ ಕೈ ಮುಗಿದ ಚಿತ್ರ.

ಮಳವಳ್ಳಿ ಕಡೆಯ ಸಂತೆಗಳಲ್ಲಿ ಬಂಡೂರು ಕುರಿ ಕೊಳ್ಳುವವರು ಬೆನ್ನಿಗೆ ಕೈಯಿಟ್ಟು ಒತ್ತಿ ನೋಡುತ್ತಾರೆ. ಕುರಿ ಪಾಪ, ಸವರುತ್ತಿದ್ದಾರೆ ಅಂತ ಸುಮ್ಮನೆ ನಿಂತಿರುತ್ತದೆ.

"ನಾನು ತಪ್ಪು ಮಾಡಿಬಿಟ್ಟೆ" ಅಂದರು ಮೇಷ್ಟ್ರು.

"ನೀವು ತೂಗ್ದೋರು ಮೇಷ್ಟ್ರೇ. ಕಟ್ಟಿ ಮೇಯ್ಸಿದ್ದು ಬೇರೇರು" ಅಂದು ಅವಳು ಹೊರಟಳು.

ವೈದ್ಯನಾಥಪುರದಲ್ಲಿ ಚಲುವರಾಜು ಜಗಲಿ ಮೇಲೆ ಕೂತಿದ್ದ. ಅಕ್ಕ ಆಟೋದಿಂದ ಇಳಿದ ರೀತಿ ನೋಡಿಯೇ ಎದ್ದು ನಿಂತ.

"ನನ್ ಕಿಡ್ನಿ ಯಾವತ್ತು ಕೀಳುಸ್ತೀಯ್ಲಾ ಚಲುವ? ಸೋಮವಾರವೋ, ಮಂಗಳವಾರವೋ?"

"ಅಕ್ಕ... ಒಳೀಕ್ ಬಾ."

"ಯಾಕ್ ಒಳೀಕೆ? ಮದ್ದೂರೆಲ್ಲ ಚಪ್ಪಾಳೆ ತಟ್ತು. ನಿನ್ನ ಬೀದೀಗೂ ಗೊತ್ತಾಗ್ಲಿ ಬುಡು."

"ಯೋಳ್ಬೇಕು ಅಂತ್ಲೇ ಇದ್ದೆ ಕಣಕ್ಕ. ಬಾಯ್ ಬರ್ನಿಲ್ಲ." ಅವನು ಎಡತೋಳಿನ ಅಂಗಿ ಮೇಲಕ್ಕೆ ಮಡಿಸಿದ. ಮೊಣಕೈ ಕೆಳಗೆ ನರ ಹಗ್ಗದಂತೆ ಉಬ್ಬಿ, ಸೂಜಿ ಚುಚ್ಚಿದ ಗುರುತುಗಳು ಸಾಲಾಗಿದ್ದವು. "ಮಂಡ್ಯದಲ್ಲಿ ವಾರಕ್ಕೆ ಎಲ್ಡ್ ಸಲ ಡಯಾಲಿಸಿಸ್. ಒಂದ್ ವರ್ಷ ಮೇಲಾಯ್ತು."

ಮಂಗಳಮ್ಮನ ಸಿಟ್ಟು ಅಲ್ಲೇ ಅರ್ಧಕ್ಕರ್ಧ ಇಳಿಯಿತು. ಅವಳೇ ಹಿಡಿದು ನಡೆಸಿದ ಕೈ ಅದು.  "ಮೊದಲ್ನೇ ದಿನ ಬಂದು, ಅಕ್ಕ, ಇಂಗಾಗದೆ, ಒಂದ್ ಕಿಡ್ನಿ ಕೊಡು ಅಂದಿದ್ರೆ ಕೊಟ್ಬುಡ್ತಿದ್ನಲ್ಲೋ ಮುಂಡೇದೇ" ಅಂದಳು. ಈಗಲೂ ಅವನು ಬಾಯಿಬಿಟ್ಟು ಕೇಳಿದರೆ ಕೊಡುತ್ತಿದ್ದಳು. ಆ ಮಾತು ಅವಳ ನಾಲಗೆ ತುದಿಯಲ್ಲೇ ಇತ್ತು.

ಅಷ್ಟರಲ್ಲಿ ಒಳಗಿನಿಂದ ಅಪ್ಪು ಬಂದ. ಚಲುವರಾಜುವಿನ ಒಬ್ಬನೇ ಮಗ, ಇಪ್ಪತ್ತಾರು ವರ್ಷದ ಆಳು.

"ಅತ್ತೆ, ನಂದೂ ಮ್ಯಾಚ್ ಆಗಿತ್ತು. ಡಾಕ್ಟ್ರು ಒಪ್ಪಿದ್ರು. ನಾನೇ ಕೊಡ್ತೀನಿ ಅಂದ್ರೂ ಇವ್ರು ಕೇಳ್ನಿಲ್ಲ."

"ಸುಮ್ಕಿರ್ಲಾ!" ಭಾಗ್ಯ ಬಾಗಿಲಿನಿಂದ ಕೂಗಿದಳು. ಆಮೇಲೆ ಮಂಗಳಮ್ಮನ ಕಡೆ ತಿರುಗಿದಳು. "ಅವನ್ಗೆ ಮಳವಳ್ಳಿ ಕಡೆ ಎಣ್ಣು ಗೊತ್ತಾಗದೆ ಅತ್ಗೆ. ಒಂದ್ ಕಿಡ್ನಿ ಇರೋ ಗಂಡಿಗೆ ಯಾರ್ ಎಣ್ಣು ಕೊಟ್ಟಾರು? ಅವನಿನ್ನೂ ಬಾಳಿ ಬದುಕ್ಬೇಕು. ನಿಮ್ದಾದ್ರೆ ಎಲ್ಲಾ ಆಯ್ತಲ್ಲ."

"ಏನಾಯ್ತು ನಂದು?"

 ಮಂಗಳಮ್ಮ ತಮ್ಮನ ಮುಖ ನೋಡಿದಳು. ಆ ಮಾತು ತಪ್ಪು ಅಂತ ಅವನು ಹೇಳಲಿ ಅಂತ ಕಾದಳು. ಅವನು ಮಡಿಸಿದ ತೋಳನ್ನು ಮೆಲ್ಲಗೆ ಕೆಳಗೆ ಇಳಿಸಿಕೊಂಡು ಗುಂಡಿ ಹಾಕಿದ.

"ಸೋಮವಾರ ಎಷ್ಟೊತ್ತಿಗೆ?" ಅಂದಳು.

ಮೂವರೂ ಬೆಚ್ಚಿದರು. "ಎಂಟಕ್ಕೆ ಕಾರ್ ತತ್ತೀನಿ" ಅಂದ ಚಲುವರಾಜು. ಅವನ ಮುಖ ಅರಳಿದ್ದು ಅವಳಿಗೆ ಕಂಡಿತು.

ಮನೆಯಲ್ಲಿ ಎಲ್ಲ ಕೇಳಿ ನಾಗಯ್ಯ ಹಾರಾಡಿದ. "ಅಲ್ಲಿಗೋದ್ರೆ ನಿನ್ನ ಕೂಯ್ದೇ ಕಳ್ಸೋದು. ತವರಿನ ಉಚ್ಚು ಇನ್ನೂ ಇಳೀನಿಲ್ವಾ?"

"ಓಯ್ತೀನಿ. ದಾರೀಲಾದ್ರೂ ಒಂದ್ ಮಾತ್ ಕೇಳ್ತಾನೋ ಇಲ್ವೋ ನೋಡ್ಬೇಕು."

"ಕೇಳಿದ್ರೆ?"

"ಕೇಳಿದ್ರೆ ಕೊಡ್ತೀನಿ" ಅಂದಳು. 

ಸೋಮವಾರ ಕಾರು ಹೈವೇ ಹತ್ತಿತು. ಅಪ್ಪು ಓಡಿಸುತ್ತಿದ್ದ. ಚಲುವರಾಜು ಮುಂದೆ, ಭಾಗ್ಯ ಮತ್ತು ಮಂಗಳಮ್ಮ ಹಿಂದೆ. ಚಲುವರಾಜು ಮಾತಾಡಿದ. ಟೋಲ್ ಜಾಸ್ತಿಯಾದದ್ದು, ಕಬ್ಬು ಕಡಿಯುವ ಆಳು ಸಿಗದಿದ್ದದ್ದು, ನಾಲೆಗೆ ನೀರು ಬಿಡದ ಇಂಜಿನಿಯರು, ಎಲ್ಲವನ್ನೂ ಮಾತಾಡಿದ. ಮಂಡ್ಯ ದಾಟಿತು. ಕೇಳಲಿಲ್ಲ. ಶ್ರೀರಂಗಪಟ್ಟಣದ ಸೇತುವೆ ಮೇಲೆ ಕಾವೇರಿಗೆ ಕೈ ಮುಗಿದ. ಮಂಗಳಮ್ಮ ಈಗ ಕೇಳುತ್ತಾನೆ ಅಂತ ಉಸಿರು ಬಿಗಿ ಹಿಡಿದಳು. "ಈ ಸಲ ನೀರು ಕಮ್ಮಿ" ಅಂದ. ಮೈಸೂರು ಬಂತು.

ಆಸ್ಪತ್ರೆಯಲ್ಲಿ ರಕ್ತ, ಸ್ಕ್ಯಾನ್ ಎಲ್ಲ ಮತ್ತೆ ಆಗಿ ರಿಪೋರ್ಟು ಬಂದ ಮೇಲೆ, ನಾಲ್ಕನೆಯ ಮಹಡಿಯಲ್ಲಿ ತನ್ಮಯಿ ಅನ್ನುವ ಡಾಕ್ಟರು ಮಂಗಳಮ್ಮನನ್ನು ಮಾತ್ರ ಒಳಗೆ ಕರೆದು, ಉಳಿದವರನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದರು. ಭಾಗ್ಯ ಜೊತೆಗೆ ಬರಲು ನೋಡಿದಳು, ಬಿಡಲಿಲ್ಲ.

"ನಿಮ್ಮ ರಿಪೋರ್ಟು ತುಂಬ ಚೆನ್ನಾಗಿದೆ" ಅಂದರು ಡಾಕ್ಟರು. "ಹೋದ ವರ್ಷದ್ದಕ್ಕೂ ಇದಕ್ಕೂ ಬಹಳ ವ್ಯತ್ಯಾಸ. ಏನು ಮಾಡಿದ್ರಿ?"

"ಯೋಗ ಮಾಡ್ದೆ. ಉಪ್ಪು ಬುಟ್ಟೆ, ನಡೆದೆ. ಉಸಿರಾಡೋದು ಕಲ್ತೆ."

"ಒಳ್ಳೇದು. ಈಗ ಒಂದು ವಿಷಯ ಕೇಳಬೇಕು. ಎಲ್ಲರಿಗೂ ಒಬ್ಬೊಬ್ಬರೇ ಇರುವಾಗ ಕೇಳ್ತೀವಿ. ನಿಮ್ಮ ಕಿಡ್ನಿ ಕೊಡೋದಕ್ಕೆ ನಿಮಗೆ ಮನಸ್ಸಿದೆಯಾ? ಯಾರಾದ್ರೂ ಒತ್ತಾಯ ಮಾಡಿದ್ದಾರಾ?"

ಮಂಗಳಮ್ಮನ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು. ಡಾಕ್ಟರು ಗಾಬರಿಯಾಗಿ ನೀರಿನ ಲೋಟ ಮುಂದಿಟ್ಟರು.

"ಯಾರೂ ಒತ್ತಾಯ ಮಾಡಿಲ್ಲ ತಾಯಿ. ಒತ್ತಾಯ ಮಾಡಾಕೂ ಒಂದ್ ಮಾತು ಆಡ್ಬೇಕಲ್ಲ. ಇದ್ನ ನನ್ನ ಕೇಳಿದ್ದು ನೀವೇ ಮೊದಲು."

ಎಲ್ಲ ಹೇಳಿದಳು. ಅಪ್ಪು ಹೇಳಿದ್ದನ್ನೂ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು.

"ನೀವು ಬೇಡ ಅಂದ್ರೆ ಇಲ್ಲಿಗೆ ಮುಗೀತು. ಹೊರಗಡೆ ಜಗಳ ಆಗೋದು ಬೇಡ. ನಿಮ್ಮ ದೇಹ ಇದಕ್ಕೆ ಹೊಂದಲ್ಲ ಅಂತ ಮಾತ್ರ ಅವರಿಗೆ ತಿಳಿಸ್ತೀವಿ. ಕಾರಣ ಯಾರಿಗೂ ಹೇಳಲ್ಲ."

"ಅದೊಂದ್ ಮಾಡ್ಬೇಡಿ." ಮಂಗಳಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಧ್ವನಿ ಗಟ್ಟಿಯಾಯಿತು. "ನನ್ ದೇಹ ಸರಿಗಿಲ್ಲ ಅಂತ ಬರೀಬೇಡಿ. ಒಂಬತ್ತು ತಿಂಗಳು ಬೆಳಿಗ್ಗೆ ಐದಕ್ಕೆ ಎದ್ದಿದ್ದೀನಿ. ದೇಹ ನೆಟ್ಟಗೇ ಅದೆ. ನನ್ಗೆ ಮನಸ್ಸಿಲ್ಲ. ಅಷ್ಟೇಯ."

ಡಾಕ್ಟರು ಮತ್ತೆ ಪೆನ್ನು ಎತ್ತಿಕೊಂಡರು. "ಹಾಗಾದ್ರೆ ಅದನ್ನ ಯಾರು ಹೇಳ್ತಾರೆ?"

"ನಾನೇ ಯೋಳ್ತೀನಿ. ನಮ್ಮನೇಲಿ ಬಾಯಿಬುಟ್ಟು ಮಾತಾಡೋಳು ನಾನೊಬ್ಳೇ."

ಬಾಗಿಲು ತೆಗೆದಳು. ಚಲುವರಾಜು ಬೆಂಚಿನಿಂದ ಎದ್ದು ಓಡಿ ಬಂದ.

"ಏನಂದ್ರಕ್ಕ? ಫಿಟ್ ಅಂದ್ರಾ?"

ಆ ಗಳಿಗೆಯಲ್ಲೂ ಅವನು ಕೇಳಿದ್ದು ಅದನ್ನೇ.

"ಫಿಟ್ ಅಂದ್ರು ಕಣ್ಲಾ. ಚೆನ್ನಾಗಿದ್ದೀಯ ಅಂದ್ರು. ನಾನು ಕೊಡಾಕಿಲ್ಲ."

"ಅಕ್ಕ!"

"ಕೊಡಾಕಿಲ್ಲ ಅಂದೆ. ನನ್ ಬದುಕು ಆಯ್ತು ಅಂತ ನಿನ್ ಎಡ್ತಿ ಅಂದಾಗ ನೀನು ಗುಂಡಿ ಆಕ್ಕಂಡೆ. ಆಗ್ಲೇ ಮುಗೀತು."

ಭಾಗ್ಯ ಎದೆ ಬಡಿದುಕೊಂಡು, "ಒಡಹುಟ್ಟಿದವನ ಸಾಯ್ಸ್ತೀಯಾ?" ಅಂತ ಕಿರುಚಿದಳು. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಅಪ್ಪು ಕಾರಿನ ಬೀಗದ ಕೈಯನ್ನು ಅಪ್ಪನ ಕೈಗಿಟ್ಟು, ಡಾಕ್ಟರ ಬಾಗಿಲ ಕಡೆ ನಡೆದ. ಭಾಗ್ಯ ಓಡಿ ಹೋಗಿ ಅವನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. "ಬುಡವ್ವ" ಅಂದ ಅವನು.

ಬಿಟ್ಟಳೋ ಇಲ್ಲವೋ ಮಂಗಳಮ್ಮ ನಿಂತು ನೋಡಲಿಲ್ಲ. ಲಿಫ್ಟಿಗೆ ಕಾಯದೆ ಮೆಟ್ಟಿಲು ಇಳಿದಳು. ಹಿಂದಿನಿಂದ ತಮ್ಮ "ಅಕ್ಕ, ಅಕ್ಕ" ಅನ್ನುವುದು ಎರಡು ಮಹಡಿಯವರೆಗೂ ಕೇಳಿಸಿತು. ಆಮೇಲೆ ಕೇಳಿಸಲಿಲ್ಲ. ರಸ್ತೆಗೆ ಬಂದು, ಮದ್ದೂರು ಬಸ್ಸು ಎಲ್ಲಿ ನಿಲ್ಲುತ್ತದೆ ಅಂತ ಎಳನೀರು ಮಾರುವವನನ್ನು ಕೇಳಿದಳು. ಅವನು ಕೈ ತೋರಿಸಿ, "ದೂರ ಅದೆ ಕಣಮ್ಮ, ಆಟೋ ಮಾಡ್ಕಳಿ" ಅಂದ. ಅವಳು ನಡೆದೇ ಹೊರಟಳು. ದಾರಿಯುದ್ದಕ್ಕೂ ಅತ್ತಳು. ಎಲ್ಲೂ ನಿಲ್ಲಲಿಲ್ಲ.