ಮಣ್ಣು ತೂರುವ ಸೀನು

ಭರಮಮ್ಮನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಪ್ಪು ಕಂಬಳಿ ಹೊದಿಸಿ, ಕೂದಲು ಕೆದರಿಸಿ, ಹಣೆಗೆ ಮಸಿ ಬಳಿದು ಅವಳನ್ನು ಬಂಡೆಯ ಮೇಲೆ ಕೂರಿಸಿದ್ದರು. ಎದ್ದಳು, ಕೂತಳು, ಮತ್ತೆ ಎದ್ದಳು. ಪಾಪಿನಾಯಕನಹಳ್ಳಿಯ ಅರ್ಧ ಊರೇ ಶೂಟಿಂಗ್ ನೋಡಲು ನೆರೆದಿತ್ತು. ಎಲ್ಲರ ಕಣ್ಣು ಅವಳ ಮೇಲಿದ್ದರೆ ಅವಳ ಕಣ್ಣು ಮಾತ್ರ ಎದುರಿನ ಬಂಡೆಯ ಮೇಲೆ ಅದೇ ವೇಷದಲ್ಲಿ ಕೂತಿದ್ದ ಹೇಮಾಳ ಮೇಲಿತ್ತು. ಹೇಮಾ ಒಡಹುಟ್ಟಿದ ತಂಗಿ. ಇಬ್ಬರೂ ಮಾತು ಬಿಟ್ಟು ವರ್ಷವಾಗಿತ್ತು.

ಧಾರಾವಾಹಿ ಮಾಟಗಾತಿ ಅಕ್ಕತಂಗಿಯರದು. ಊರಿಗೆ ಊರೇ ವಾರವಾರ ಟಿವಿ ಮುಂದೆ ಬಾಯಿ ತೆರೆದು ಕೂರುವಂಥದ್ದು. ಈ ವಾರದ ಕಂತಿಗೆ ಪಾತಾಳಲೋಕ ಬೇಕಿತ್ತಂತೆ. ಅದಿರಿನ ಧೂಳು ಕುಡಿದು ಕೆಂಪಾದ ನಮ್ಮ ಹೊಲಗಳನ್ನು ಬಿಟ್ಟು ಪಾತಾಳ ಇನ್ನೆಲ್ಲಿ ಸಿಕ್ಕೀತು? ಆದರೆ ಪಾತಾಳದ ಅಕ್ಕತಂಗಿಯರಾಗಬೇಕಿದ್ದ ನಟಿಯರಿಬ್ಬರು ಸಂಡೂರು ರಸ್ತೆಯಲ್ಲಿ ಅದಿರು ಲಾರಿಗಳ ಜಾಮಿನೊಳಗೆ ಬೆಳಗಿನಿಂದ ಸಿಕ್ಕಿಬಿದ್ದಿದ್ದರು. ಬೆಂಗಳೂರಿಂದ ಬಂದಿದ್ದ ನಿರ್ದೇಶಕ ಮನೋಹರ್ ತಲೆ ಚಚ್ಚಿಕೊಂಡು ಗುಂಪಿನಲ್ಲಿ ಕಣ್ಣಾಡಿಸಿದ. "ಇವರಿಬ್ಬರ ಮೂಗು ಒಂದೇ ಅಚ್ಚು ನೋಡಿ!" ಎಂದು ಇವರನ್ನು ಆರಿಸಿದ. ತಂಗಿಯ ಎದುರು ಒಂದಿಷ್ಟು ಹೊತ್ತು ಕೂರಬಹುದಲ್ಲ ಎಂಬ ಒಂದೇ ಆಸೆಗೆ ಭರಮಮ್ಮ ಹೂಂ ಅಂದಿದ್ದಳು.

ತಾಯಿ ಸತ್ತ ಮೇಲೆ ಹೇಮಾಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಹೇಮಾಳ ಗಂಡ ಹೊನ್ನೂರುಸ್ವಾಮಿ ತನ್ನ ಹೊಲವನ್ನು ಅದಿರು ರಾಶಿ ಹಾಕುವವರಿಗೆ ಕೊಟ್ಟ. ಪಕ್ಕದಲ್ಲಿದ್ದ ಭರಮಮ್ಮನ ಮೆಣಸಿನಗಿಡ ಕೆಂಧೂಳಿನಲ್ಲಿ ಮುಚ್ಚಿಹೋಯಿತು. "ನಿನ್ನ ಮನಿ ನೀರು ಮುಟ್ಟಿದ್ರ ಕೇಳು" ಎಂದು ಬದುವಿನ ಮೇಲೆ ನಿಂತು ಕೂಗಿದವಳು ಅಕ್ಕ. "ಮುಟ್ಟಬ್ಯಾಡ, ಯಾರು ಕರದಾರ?" ಎಂದವಳು ತಂಗಿ. ಅಷ್ಟೇ ನೋಡಿ. ಆಮೇಲೆ, ಮದುವೆಯಾಗಿ ಎಷ್ಟೋ ವರ್ಷ ಕಾದ ಹೇಮಾಳಿಗೆ ಬಸಿರು ನಿಂತಿತು. ಈಗ ಏಳು ತಿಂಗಳು. ಬಸುರಿಗೆ ಸೀಮಂತದ ಕುಬಸ ಮಾಡಿ, ಅಕ್ಷತೆ ಹಾಕಿ, ಉಡಿ ತುಂಬಬೇಕಾದವರು ತವರಿನವರು. ತವರು ಅಂತ ಇದ್ದವಳು ಭರಮಮ್ಮ ಒಬ್ಬಳೇ. ಹೋಗಬೇಕು ಅಂತ ದಿನಾ ಅಂದುಕೊಳ್ಳುತ್ತಿದ್ದಳು, ಕಾಲು ಏಳುತ್ತಿರಲಿಲ್ಲ. ಸುಡುಗಾಡು ಹಟ!

ಮನೋಹರ್ ಬಂದು ಸೀನು ವಿವರಿಸಿದ. "ನೋಡಮ್ಮ, ಒಂದು ಹಿಡಿ ಮಣ್ಣು ತಗೊಂಡು ತಂಗಿ ಮೇಲೆ ತೂರಬೇಕು. ನಿನ್ನ ವಂಶ ನಿರ್ವಂಶ ಆಗಲಿ ಅಂತ ಶಾಪ. ಮುಖದಲ್ಲಿ ಬೆಂಕಿ ಇರಲಿ. ಮಾತು ತಪ್ಪಿದರೂ ಪರವಾಗಿಲ್ಲ, ಆಮೇಲೆ ಬೇರೆಯವರ ದನಿ ಹಾಕ್ತೀವಿ. ತಂಗಿ ಮುಖ ಮುಚ್ಚಿಕೊಂಡು ಕಿರುಚಬೇಕು, ಅಷ್ಟೇ."

ಈ ಕಡೆ ಮಣ್ಣು ತೂರುವುದು ಆಟವಲ್ಲ. ಹೊಟ್ಟೆ ಉರಿದವಳು ಕಡೆಯದಾಗಿ ತೂರುವುದು ಅದನ್ನೇ. ಅದರಲ್ಲೂ ಬಸುರಿಯ ಮೇಲೆ! ಹೇಮಾಳ ಕೈ ಕಂಬಳಿಯೊಳಗೆ ಹೊಟ್ಟೆಯ ಮೇಲೆ ಹೋದದ್ದನ್ನು ಭರಮಮ್ಮ ಕಂಡಳು.

"ಇದೊಂದು ಬ್ಯಾಡ್ರಿ ಸರ," ಎಂದಳು. "ಬೇಕಾದ್ರ ಬೆಂಕ್ಯಾಗ ಹಾರಂತೀರಾ, ಹಾರ್ತೀನಿ."

"ಅಯ್ಯೋ, ಇದು ಆಕ್ಟಿಂಗ್ ಅಮ್ಮ!"

"ನಿಮಗ ಆಕ್ಟಿಂಗು. ಮಣ್ಣಿಗೇನು ಗೊತ್ತದ?"

ಆಗ ಹೇಮಾ ಬಾಯಿ ಬಿಟ್ಟಳು. "ತೂರಲಿ ಬಿಡ್ರಿ ಸರ. ಆಕಿ ಮನಸಿನ್ಯಾಗ ಎಂದೋ ತೂರ್ಯಾಳ."

ಭರಮಮ್ಮನಿಗೆ ಎದೆಗೆ ಒದ್ದಂತಾಯಿತು. ಹಾಗಾದರೆ ಇಷ್ಟು ದಿನ ಇವಳು ಇದೇ ಹೆದರಿಕೆಯಲ್ಲಿ ಬದುಕಿದ್ದಾಳೆ! ತೂರಿದರೆ ಶಾಪ. ತೂರದೆ ಎದ್ದು ಹೋದರೆ ಆ ಮಾತೇ ನಿಜ ಅಂತ ನಿಂತುಬಿಡುತ್ತದೆ. ಬಂಡೆಯ ಸುತ್ತ ಎರಡು ಸುತ್ತು ತಿರುಗಿದಳು. "ನೀರು ಕುಡದು ಬರ್ತೀನಿ" ಎಂದು ಅಡುಗೆ ಟೆಂಟಿನತ್ತ ನಡೆದಳು.

ಕಂಪ್ಲಿಯ ಅಡುಗೆಯವನು ಹುಸೇನಪ್ಪ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ. ಭರಮಮ್ಮ ನೀರಿನ ಚೊಂಬು ಹಿಡಿದವಳು ಹಾಗೇ ನಿಂತಳು. ಚೊಂಬು ಇಟ್ಟು ಒಂದು ಹಿಡಿ ಅಕ್ಕಿ ಬಾಚಿಕೊಂಡಳು, ಒದ್ದೆ ಕೈಯಲ್ಲಿ ಅದಕ್ಕೆ ಕೆಂಧೂಳು ಉಜ್ಜತೊಡಗಿದಳು.

"ಏ ಯಕ್ಕಾ, ಉಣ್ಣೋ ಅಕ್ಕಿಗೆ ಯಾಕ ಮಣ್ಣು ಹಚ್ಚಾಕ ಹತ್ತೀದಿ?"

"ಬಾಯಿ ಮುಚ್ಕೊಂಡು ಅನ್ನಕ್ಕ ಇಡಲೇ."

ಕ್ಯಾಮೆರಾ ತಿರುಗಿತು. ಹೇಮಾ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಭರಮಮ್ಮ ಕಣ್ಣು ಕೆಕ್ಕರಿಸಿ, ಹಲ್ಲು ಕಡಿದು, ಮುಷ್ಟಿ ಎತ್ತಿ ಗುಡುಗಿದಳು.

"ಏ ಹೇಮೀ! ನಿನ್ನ ಹೊಟ್ಟಿ ತಣ್ಣಗಿರಲಿ! ನಿನ್ನ ಕೂಸು ನೂರು ವರ್ಷ ಬಾಳಲಿ! ನಾಳಿ ಬಂದು ಕುಬಸ ಮಾಡ್ತೀನಿ, ಬಾಗಲಾ ಹಾಕಿದ್ಯೋ, ಮುರದು ಒಳಗ ಬರ್ತೀನಿ!"

ಬೀಸಿ ತೂರಿದಳು. ಕೆಂಪು ಕಾಳು ಹೇಮಾಳ ತಲೆ, ಹೆಗಲ ಮೇಲೆಲ್ಲ ಸುರಿಯಿತು. ಹೇಮಾ ಕಣ್ಣು ಬಿಟ್ಟಳು. ಹೆಗಲಿಗೆ ಅಂಟಿದ ಒಂದು ಕಾಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಮುಖ ಮುಚ್ಚಲಿಲ್ಲ, ಕಿರುಚಲಿಲ್ಲ. ಕಂಬಳಿ ಸರಿಸಿ ಸೀರೆಯ ಸೆರಗು ಒಡ್ಡಿದಳು.

"ಕಟ್! ಅಕ್ಕನ ಮುಖ ಬೆಂಕಿ, ಸೂಪರ್!" ಮನೋಹರ್ ಕೂಗಿದ. "ತಂಗಿ ಯಾಕಮ್ಮ ಸೆರಗು ಒಡ್ಡಿದ್ದು? ಶಾಪ ಕಣಮ್ಮ ಅದು! ಇನ್ನೊಂದು ಸಲ ಮಾಡಬೇಕು."

ಹೇಮಾ ಸೆರಗು ಇಳಿಸಲಿಲ್ಲ. ಕಣ್ಣೀರಿಗೆ ಮಸಿಯೆಲ್ಲ ಕೆನ್ನೆಗೆ ಇಳಿದಿತ್ತು.

"ಇನ್ನೊಮ್ಮಿ ಬೈ ಯಕ್ಕಾ," ಎಂದಳು.