ಸೊಟ್ಟ ಬೇರಿನ ಬುಡದ ಚಿಪ್ಪಿಗಳು

ಮೀನುಗಾರಿಕೆ ಕಚೇರಿಯ ಇಂಜಿನಿಯರ್ ಬೊಲಾನ್ಯೋಸ್ ಕೆಸರಿಗೆ ಇಳಿಯಲೇ ಇಲ್ಲ. ಕಾಂಡ್ಲಾ ಮರಗಳ ನಡುವೆ ಹಾಸಿದ ಹಲಗೆಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಹೆಂಗಸರು ತೆಗೆದುಕೊಟ್ಟ ಕಪ್ಪು ಚಿಪ್ಪಿಗಳನ್ನು ಒಂದೊಂದಾಗಿ ಅಳತೆಪಟ್ಟಿಯ ಕಿಂಡಿಯಲ್ಲಿ ತೂರಿಸಿ ನೋಡಿದರು. ನಾಲ್ಕೂವರೆ ಸೆಂಟಿಮೀಟರಿನ ಕಿಂಡಿ. ಸಿಕ್ಕಿಕೊಂಡರೆ ಬೆಳೆದ ಚಿಪ್ಪಿ, ನುಸುಳಿಹೋದರೆ ಮರಿ. ನೂರರಲ್ಲಿ ತೊಂಬತ್ತಾರು ನುಸುಳಿಹೋದವು.

"ಮೂರು ವರ್ಷ ಕಾದಿದ್ದೀರಿ ದೊನಾತಿಲಮ್ಮ. ಎಲ್ಲಾ ಮರಿನೇ ಇದೆಯಲ್ಲ," ಎಂದರು.

ಹೆಂಗಸರ ಸಂಘಕ್ಕೆ ದೊನಾತಿಲಾ ಕೈಸೆದೋ ಹಿರಿಯಳು. ಎಂಟನೆಯ ವಯಸ್ಸಿಗೆ ಅಮ್ಮನ ಜೊತೆ ಕೆಸರಿಗಿಳಿದವಳು, ಈಗ ಅರವತ್ತಾರು. ತೆಂಗಿನ ನಾರು ಹೊಗೆಯಾಡುವ ಡಬ್ಬಿಯನ್ನು ಸೊಳ್ಳೆಗಳ ಕಡೆಗೆ ಬೀಸುತ್ತಾ ನಿಂತಿದ್ದಳು.

"ಮೊದ್ಲು ಇಡೀ ದಿನ ಕೆದಕಿದ್ರೂ ಬುಟ್ಟಿ ತಳ ಮುಚ್ತಿರ್ಲಿಲ್ಲ ಸಾಹೇಬ್ರೆ. ಈಗ ಕೈ ಇಟ್ಟಲ್ಲೆಲ್ಲ ಚಿಪ್ಪಿ."

"ಸಂಖ್ಯೆ ಹೆಚ್ಚಿದೆ, ಇಲ್ಲ ಅನ್ನಲ್ಲ. ಆದ್ರೆ ಬೆಳೀತಿಲ್ಲ. ಈ ಕೆಸರು ಸತ್ತಿದೆ ಅಂತ ಆಚೆ ದಡದವರು ಆಗ್ಲೇ ಅರ್ಜಿ ಕೊಟ್ಟಿದ್ದಾರೆ."

ಆಚೆ ದಡದವರೆಂದರೆ ಸಿಗಡಿ ಹೊಂಡದವರು. ಅಲ್ಲಿ ಮರ ಅನ್ನುವುದು ಒಂದೂ ಉಳಿದಿರಲಿಲ್ಲ. ಈಚೆಯ ಈ ಹಳ್ಳವೊಂದನ್ನು ಕಾಯುವ ಹಕ್ಕನ್ನು ಇಪ್ಪತ್ತೇಳು ಹೆಂಗಸರು ಕಚೇರಿಯಿಂದ ಕಾಗದದ ಮೇಲೆ ಬರೆಸಿಕೊಂಡಿದ್ದರು. ಮೂರು ವರ್ಷ ಹಳ್ಳ ಬಂದ್. ಬೇರೆ ಕಡೆ ಚಿಪ್ಪಿ ತೆಗೆಯುವಾಗ ಸಿಕ್ಕ ಮರಿಗಳನ್ನೆಲ್ಲ ಅವರು ಇಲ್ಲಿಗೇ ತಂದು ಹೂಳುತ್ತಿದ್ದರು.

"ಆರು ತಿಂಗಳು ಬಿಟ್ಟು ಮತ್ತೆ ಬರ್ತೀನಿ," ಎಂದರು ಇಂಜಿನಿಯರ್. "ನಾಲ್ಕರಲ್ಲಿ ಒಂದಾದ್ರೂ ಕಿಂಡೀಲಿ ಸಿಕ್ಕಿಕೊಳ್ಳಬೇಕು. ಇಲ್ಲಾಂದ್ರೆ ಹಳ್ಳ ನಿಮ್ಮ ಕೈ ತಪ್ಪತ್ತೆ. ಅಲ್ಲೀವರೆಗೆ ಯಾರೂ ಏನೂ ಮುಟ್ಟೋ ಹಾಗಿಲ್ಲ."

ಹೇಳಿ ಎದ್ದರು, ಆದರೆ ಹೋಗುವುದೆಲ್ಲಿಗೆ? ಸಮುದ್ರದ ಇಳಿತಕ್ಕೆ ಅವರ ದೋಣಿ ಕೆಸರಿನಲ್ಲಿ ಕೂತುಬಿಟ್ಟಿತ್ತು. ನೀರು ಏರುವವರೆಗೆ ಕಾಯಬೇಕು. ದೊನಾತಿಲಾಳ ನಾದಿನಿ ಎರ್ಸಿಲಿಯಾ ಅವರಿಗೆ ಸುಟ್ಟ ಬಾಳೆಕಾಯಿ ಕೊಟ್ಟಳು.

"ತಿನ್ನಿ ಸಾಹೇಬ್ರೆ. ನಮ್ಮ ಹಳ್ಳ ನುಂಗೋಕೆ ಶಕ್ತಿ ಬೇಕಲ್ಲ."

ದೊನಾತಿಲಾ ಮಾತ್ರ ಬೇರೆ ಕಡೆ ನೋಡುತ್ತಿದ್ದಳು. ಹಳ್ಳದ ಒಳತಿರುವಿನಲ್ಲಿ ಒಂದು ಸೊಟ್ಟ ಬೇರು, ಮುದುಕಿಯ ಮೊಣಕಾಲಿನಂಥದು. ಮೊದಲ ವರ್ಷ ಅಲ್ಲಿ ಅವಳ ಬುಟ್ಟಿಯ ಹಗ್ಗ ಹರಿದು ಒಂದಿಷ್ಟು ಮರಿಗಳು ಚೆಲ್ಲಿದ್ದವು. ಸೊಂಟ ಹಿಡಿದಿದ್ದರಿಂದ ಹೆಕ್ಕಲು ಹೋಗದೆ ಕಾಲಿನಲ್ಲೇ ಒತ್ತಿ ಬಂದಿದ್ದಳು.

ಹೊಗೆಯ ಡಬ್ಬಿಯನ್ನು ಹಲಗೆಯ ಮೇಲಿಟ್ಟು ಅವಳು ಆ ಬೇರಿನ ಕಡೆ ನಡೆದಳು. ಬಗ್ಗಿ, ಭುಜದವರೆಗೂ ಕೈ ಇಳಿಸಿದಳು.

"ಅತ್ತಿಗೆ, ಬಂದ್ ಇರೋ ಹಳ್ಳ ಅದು," ಎಂದು ಎರ್ಸಿಲಿಯಾ ಕೂಗಿದಳು.

"ಗೊತ್ತು."

ಒಂದಾದ ಮೇಲೊಂದು ಏಳು ಚಿಪ್ಪಿಗಳು ಬಂದವು. ನೀರಿನಲ್ಲಿ ತೊಳೆದು ಇಂಜಿನಿಯರರ ಮುಂದೆ ಸುರಿದಳು. ಅವರು ಬಾಳೆಕಾಯಿಯನ್ನು ಪಕ್ಕಕ್ಕಿಟ್ಟು ಅಳತೆಪಟ್ಟಿ ತೆಗೆದರು. ಏಳೂ ಕಿಂಡಿಯಲ್ಲಿ ಸಿಕ್ಕಿಕೊಂಡವು.

"ಇವು ಬೇರೆ ಕಡೆಯಿಂದ ಬಂದಿಲ್ಲ ಅಂತ ಹೇಗೆ ನಂಬೋದು?"

"ಚಿಪ್ಪಿನ ಬೆನ್ನು ನೋಡಿ. ಎರಡು ಗೀರು. ಮೊದಲ ವರ್ಷ ತಂದ ಮರಿಗಳಿಗೆ ನಾವು ಅರ ಹಿಡಿದು ಗುರುತು ಹಾಕಿದ್ವಿ. ಒಬ್ಬೊಬ್ಬರಿಗೆ ಒಂದೊಂದು ಗುರುತು, ಎರಡು ಗೀರು ನಂದು. ಈಗ ನೀವು ಅಳೆದ ರಾಶೀಲೂ ನನ್ನ ಗುರುತಿಂದು ಇರ್ಬೇಕು, ಹುಡುಕಿ."

ಹುಡುಕಿದರು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದೊಂದು ಸಿಕ್ಕಿತು. ಅದೇ ಎರಡು ಗೀರು, ಅದೇ ವರ್ಷದ್ದು. ಅದನ್ನೂ ಏಳರಲ್ಲಿ ಒಂದನ್ನೂ ಇಂಜಿನಿಯರ್ ಅಂಗೈಯಲ್ಲಿ ಪಕ್ಕಪಕ್ಕ ಇಟ್ಟು ನೋಡಿದರು. ತಾಯಿ ಮಗುವಿನಂತೆ ಕಾಣುತ್ತಿದ್ದವು.

ದೊನಾತಿಲಾ ಹಳ್ಳದ ಬಾಯಿಯ ಕಡೆ ತಿರುಗಿದಳು. ಮರಿಗಳನ್ನೆಲ್ಲ ಹಳ್ಳದ ಬಾಯಲ್ಲಿ, ಕಾವಲು ಗುಡಿಸಲಿನ ಎದುರಿಗೇ ಹೂಳಬೇಕೆಂದು ಅಪ್ಪಣೆ ಕೊಟ್ಟವಳು ಅವಳೇ. ಒಳಗೆ ದೂರ ಹಾಕಿದರೆ ಕಳ್ಳರು ಬರುತ್ತಾರೆಂಬ ಭಯ. ಈಗ ಅಳೆದ ರಾಶಿಯೂ ಅಲ್ಲಿಯದೇ. ಮೂರು ವರ್ಷ, ದಿನಾ ಇಪ್ಪತ್ತೇಳು ಬುಟ್ಟಿಗಳ ಮರಿ, ಒಂದು ಮನೆಯಂಗಳದಷ್ಟು ಜಾಗಕ್ಕೆ. ಅಷ್ಟು ಬಾಯಿಗೆ ಅಲ್ಲಿ ಅನ್ನ ಸಾಲಲಿಲ್ಲ.

"ಕೆಸರು ಸತ್ತಿಲ್ಲ ಸಾಹೇಬ್ರೆ. ಕಾಯ್ತೀನಿ ಅಂತ ನಾನೇ ಇವನ್ನ ಹಸಿವಿಗೆ ಹಾಕಿದ್ದೀನಿ. ನಾಳೆ ಇಳಿತಕ್ಕೆ ಅರ್ಧಕ್ಕರ್ಧ ತೆಗೆದು ಒಳಗೆಲ್ಲ ಹರಡ್ತೀವಿ."

"ಮುಟ್ಟಬಾರದು ಅಂತ ಈಗಷ್ಟೇ ಹೇಳಿದೆ. ಮುಟ್ಟಿದ್ರೆ ಒಪ್ಪಂದ ಹರಿಸೋಕೆ ಆಚೆ ದಡದವ್ರಿಗೆ ನೀವೇ ಕಾರಣ ಕೊಟ್ಟಂಗೆ."

"ಮುಟ್ಟದಿದ್ರೂ ಹೋಗತ್ತೆ. ಮುಟ್ಟಿಯೇ ಹೋಗ್ಲಿ."

"ನಾನು ಬರೀಬೇಕಾಗತ್ತೆ."

"ಬರೀರಿ. ದೊನಾತಿಲಾ ಕೈಸೆದೋ ಮುಟ್ಟಿದಳು, ಹೇಳಿಯೇ ಮುಟ್ಟಿದಳು ಅಂತ ಬರೀರಿ. ಕದ್ದು ಮಾಡೋ ಕೆಲಸ ಅಲ್ಲ ಇದು."

ಅಷ್ಟರಲ್ಲಿ ಎರ್ಸಿಲಿಯಾ ಸೊಂಟಕ್ಕೆ ಕೈಯಿಟ್ಟು ಬಂದಳು. "ಅವ್ರು ಬರೆಯೋದು ಆಮೇಲೆ. ನನ್ನ ಮಗಳು ಈ ಹಳ್ಳದಲ್ಲಿ ಒಂದು ಚಿಪ್ಪಿ ಮುಟ್ಟಿದ್ದಕ್ಕೆ ಆರು ತಿಂಗಳು ಸಂಘದ ಪಟ್ಟಿಯಿಂದ ಹೆಸರು ಹೊಡೆದುಹಾಕಿದ್ದು ಯಾರು?"

"ನಾನು."

"ಬಸುರಿ ಅಂತಾನೂ ನೋಡ್ಲಿಲ್ಲ."

"ನೋಡ್ಲಿಲ್ಲ. ನನ್ನ ಹೆಸರೂ ಹೊಡಿ. ಇವತ್ತಿಂದ ಆರು ತಿಂಗಳು ನಾನೂ ಕೆಸರಿಗೆ ಇಳಿಯಲ್ಲ. ನಾಳೆ ಕೈ ಹಾಕೋರ ತಪ್ಪೂ ನನ್ನ ತಲೆಗೇ ಇರ್ಲಿ."

ಎರ್ಸಿಲಿಯಾ ಜಗಳಕ್ಕೆಂದು ಒಳಗೆಳೆದ ಉಸಿರನ್ನು ಹಾಗೇ ಬಿಟ್ಟಳು. "ಮುದುಕಿಗೆ ಕೊಬ್ಬು ಇಳಿದಿಲ್ಲ," ಎಂದು ಗೊಣಗಿದಳು. ಮಾರನೆಯ ದಿನ ಎಲ್ಲರಿಗಿಂತ ಮೊದಲು ಕೆಸರಿಗೆ ಇಳಿದವಳು ಅವಳೇ.

ನಾಲ್ಕು ಇಳಿತ ಕೆಲಸ ನಡೆಯಿತು. ದೊನಾತಿಲಾ ದೋಣಿಯಲ್ಲಿ ಕೂತೇ ಕಿರುಚುತ್ತಿದ್ದಳು. "ಒಂದಕ್ಕೊಂದು ಗೇಣು ದೂರ ಇರ್ಲಿ ಕಣ್ರೇ. ಮುತ್ತಿನ ಸರ ಪೋಣಿಸ್ತಾ ಇಲ್ಲ ನೀವು." ಯಾರೋ ಒಬ್ಬಳಿಗೆ ಕೆಸರಿನ ಕಪ್ಪೆಮೀನಿನ ವಿಷಮುಳ್ಳು ಚುಚ್ಚಿ ಕೈ ಬಾತಿತು. ಹಳ್ಳ ಬಿಟ್ಟುಕೊಡಿ ಎಂದು ಕಚೇರಿಯಿಂದ ಎರಡು ಕಾಗದ ಬಂದವು. ಎರಡನ್ನೂ ಓದಿಸಿ ಕೇಳಿದ ದೊನಾತಿಲಾ, ಇಂಜಿನಿಯರ್ ಕೊಟ್ಟ ಆರು ತಿಂಗಳಾಗುವ ಮೊದಲು ಹಳ್ಳದಿಂದ ಏಳುವುದಿಲ್ಲವೆಂದು ಉತ್ತರ ಬರೆಸಿದಳು.

ಆರನೆಯ ತಿಂಗಳ ಕೊನೆಯ ದಿನ ಇಂಜಿನಿಯರ್ ಬಂದರು. ಈ ಸಲ ಬೂಟು ಕಳಚಿ, ಪ್ಯಾಂಟು ಮಡಚಿ ಕೆಸರಿಗೇ ಇಳಿದರು. ಎಲ್ಲಿ ಕೈ ಹಾಕಬೇಕೆಂದು ತಾವೇ ತೋರಿಸಿದರು. ಹಳ್ಳದ ಬಾಯಿ, ನಡು, ಒಳತಿರುವು. ದೊನಾತಿಲಾ ದೋಣಿಯಲ್ಲೇ ಇದ್ದಳು. ಆರು ತಿಂಗಳು ಕೆಸರು ಕಾಣದ ಅವಳ ಉಗುರುಗಳು ಮದುವಣಗಿತ್ತಿಯ ಉಗುರಿನಂತೆ ಬೆಳ್ಳಗಾಗಿದ್ದವು. ನಾಚಿಕೆಯಾಗಿ ಕೈಗಳನ್ನು ಮಡಿಲಲ್ಲಿ ಮುಚ್ಚಿಕೊಂಡಿದ್ದಳು.

ಚಿಪ್ಪಿಗಳ ಅಂಚಿನಲ್ಲಿ ಹೊಸ ಬೆಳವಣಿಗೆಯ ತೆಳುಬಣ್ಣದ ಪಟ್ಟಿ ದೋಣಿಯವರೆಗೂ ಕಾಣುತ್ತಿತ್ತು. ಕಿಂಡಿಯಲ್ಲಿ ಸಿಕ್ಕಿಕೊಂಡವು ನೂರಕ್ಕೆ ಮೂವತ್ತೊಂದು.

ಹೆಂಗಸರಲ್ಲಿ ಯಾರೋ ಕೈ ತಟ್ಟಿದರು. ಇಂಜಿನಿಯರ್ ನಗಲಿಲ್ಲ. "ಅಳತೆ ಗೆದ್ದಿದೆ, ಹಳ್ಳ ನಿಮ್ಮ ಹತ್ರಾನೇ ಇರತ್ತೆ. ಆದ್ರೆ ಬಂದ್ ಮುರಿದಿದ್ದೀರಿ ಅನ್ನೋದು ಕಡತದಲ್ಲಿ ಉಳಿಯತ್ತೆ ದೊನಾತಿಲಮ್ಮ."

"ಉಳೀಲಿ. ಮುರಿದಿದ್ದಕ್ಕೇ ಬೆಳೆದ್ವು ಅಂತ ಅದರ ಕೆಳಗೇ ಬರೀರಿ. ಮುಂದಿನ ಸಲ ಇನ್ಯಾವ ಹಳ್ಳದೋರಿಗಾದ್ರೂ ಕೈ ಕಟ್ಟಿ ಕೂರಿ ಅನ್ನೋ ಮೊದಲು ಓದ್ಕೊಳ್ಳಿ."

ಇಂಜಿನಿಯರ್ ಪೆನ್ನಿನ ಮುಚ್ಚಳ ತೆಗೆದರು. ಬರೆಯುವುದು ಮುಗಿಯುವವರೆಗೂ ದೊನಾತಿಲಾ ಅವರ ಕೈಯನ್ನೇ ನೋಡಿದಳು. ಆಮೇಲೆ ಲಂಗ ಎತ್ತಿ ಕಟ್ಟಿ, ಹೊಗೆಯ ಡಬ್ಬಿ ಹಿಡಿದು ಒಂದು ಕಾಲನ್ನು ದೋಣಿಯ ಆಚೆಗೆ ಹಾಕಿದಳು.

"ಎಲ್ಲಿಗೆ ಅತ್ತಿಗೆ?" ಎಂದಳು ಎರ್ಸಿಲಿಯಾ. "ಆರು ತಿಂಗಳಿಗೆ ಇನ್ನೂ ಒಂದು ಇಳಿತ ಬಾಕಿ ಇದೆ."

ದೊನಾತಿಲಾ ನಾದಿನಿಯ ಮುಖ ನೋಡಿದಳು. ತಮಾಷೆಯ ಸುಳಿವೂ ಇರಲಿಲ್ಲ ಅಲ್ಲಿ. ಕಾಲನ್ನು ಒಳಗೆಳೆದುಕೊಂಡಳು.

"ಸರಿ. ಹಾಗಾದ್ರೆ ನಾಳೆ," ಎಂದು ಮತ್ತೆ ಕೂತಳು.